ಅರಸುಗಳ ಕಣಿವೆಯೂ ಅದರ ಪ್ರೇಕ್ಷಕರೂ

ಈಜಿಪ್ತು ದೇಶದ ದಕ್ಷಿಣ ಭಾಗದಲ್ಲಿ, ನೈಲ್ ನದಿಯ ಪೂರ್ವದಂಡೆಯ ಮೇಲೆ, ಲಕ್ಸರ್ ಎಂಬ ಪಟ್ಟಣವಿರುವುದು. ಗ್ರೀಕರು ಥೀಬ್ಸ್ ಎಂದು ಕರೆದ ಪುರಾತನ ಮಹಾನಗರವು ಇದ್ದುದು ಇಲ್ಲಿಯೇ. ಊರಿನಿಂದ ಹೊರಟು ನದಿಯನ್ನು ದಾಟಿದ ಯಾತ್ರಿಕನಿಗೆ ಮೊದಲು ಕಬ್ಬು ಗೋದಿಗಳ ಹಸುರು ಹೊಲಗಳು ಕಾಣುವುವು. ಆ ಹಸುರು ಸ್ವಲ್ಪ ದೂರದಲ್ಲಿಯೇ, ಗೆರೆ ಎಳೆದಂತೆ, ಒಮ್ಮೆಗೇ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಸುಣ್ಣಕಲ್ಲಿನ ಬೋಳು ಬೆಟ್ಟಗಳು. ಅವುಗಳ ನಡುವೆ, ಪಿರಮಿಡ್ಡಿನ ಆಕಾರವುಳ್ಳ ಒಂದು ಶಿಖರದ ಅಡಿಯಲ್ಲಿ ಅಡಗಿರುವ ಬಿಸಿಲುಗಣಿವೆಯೇ ‘ಅರಸುಗಳ ಕಣಿವೆ’. ಸೂರ್ಯನು ಮುಳುಗುವ ಪಶ್ಚಿಮ ದಿಕ್ಕು ಮೃತರ ದಿಕ್ಕೆಂದು ಆ ಜನರು ನಂಬಿದ್ದರು. ಆದುದರಿಂದಲೇ ಬದುಕಿದ್ದವರ ನಗರವು ಪೂರ್ವದಂಡೆಯಲ್ಲಿಯೂ, ಸತ್ತವರ ನಗರವು ಪಶ್ಚಿಮದಂಡೆಯಲ್ಲಿಯೂ ಬೆಳೆದುವು.

ಕ್ರಿ. ಪೂ. ಸುಮಾರು 1500 ರಿಂದ ಮುಂದಿನ ನಾಲ್ಕು ಶತಮಾನಗಳಿಗೂ ಮಿಕ್ಕ ಕಾಲ, 18, 19 ಮತ್ತು 20ನೆಯ ರಾಜವಂಶಗಳ ಅರಸರು ಇಲ್ಲಿ ತಮ್ಮ ಶವಗುಹೆಗಳನ್ನು ಕೊರೆಯಿಸಿಕೊಂಡರು. ಇದುವರೆಗೆ ಗುರುತಿಸಲ್ಪಟ್ಟ ಗುಹೆಗಳೂ ಗುಂಡಿಗಳೂ 60ಕ್ಕಿಂತ ಹೆಚ್ಚು. ಇಂದು ದಿನದಿನವೂ ದೇಶದೇಶಗಳ ಜನರು ಬಂದು ಇವನ್ನು ನೋಡಿಹೋಗುತ್ತಾರೆ. ಆದರೆ ಈ ಸ್ಥಳದ ಚರಿತ್ರೆಯನ್ನು ವಿಚಾರಿಸಿದರೆ ಒಂದು ವಿಚಿತ್ರವಾದ ಸಂಗತಿ ಕಂಡುಬರುವುದು. ಲೋಕವೆಲ್ಲ ಬಂದು ನೋಡುವ ಈ ಕಣಿವೆಯು, ಯಾರೊಬ್ಬರೂ ಬಂದು ನೋಡಕೂಡದೆಂಬ ಒಂದೇ ಉದ್ದೇಶದಿಂದ ಆರಿಸಲ್ಪಟ್ಟ ಸ್ಥಳವಾಗಿದ್ದಿತು.

ಅದಕ್ಕೂ ಹಿಂದಿನ ಅರಸರು ಹೀಗೆ ಅಡಗಿದವರಲ್ಲ. ಸಾವಿರ ವರ್ಷಗಳ ಮುಂಚೆ ಗೀಜಾದಲ್ಲಿ ಖುಫು ಅರಸನು ಕಟ್ಟಿಸಿದ ಪಿರಮಿಡ್ಡು ಹರಿದಾರಿಗಳ ಆಚೆಗೂ ಕಾಣುವಂಥಾದ್ದು. ಇಲ್ಲಿ ಅರಸನೂ ಅವನ ಐಶ್ವರ್ಯವೂ ಇರುವುದೆಂದು ಅದು ಕಳ್ಳರಿಗೆ ಸಾರಿ ಹೇಳುವ ಗುರುತೂ ಆಯಿತು. ಪಿರಮಿಡ್ಡುಗಳು ಸೂರೆಹೋದುವು. ಈ ಪಾಠವನ್ನು ಕಲಿತ ಥೀಬ್ಸಿನ ಅರಸರು ತಮ್ಮ ಶವವನ್ನಿಡುವ ಸ್ಥಳವನ್ನು ಗೋಪ್ಯವಾಗಿರಿಸಲು ನಿಶ್ಚಯಿಸಿದರು. ಒಂದನೆಯ ಥುತ್ಮೋಸ್ ಅರಸನ ಅಧಿಕಾರಿಯಾಗಿದ್ದ ಇನೇನಿ ಎಂಬವನು, ತನ್ನ ಸ್ವಾಮಿಯ ಗುಹೆಯನ್ನು ಕೊರೆಯಿಸುವ ಕಾರ್ಯವನ್ನು ಒಬ್ಬರಿಗೂ ತಿಳಿಯದಂತೆ ತಾನೊಬ್ಬನೇ ನೋಡಿಕೊಂಡುದಾಗಿ ತನ್ನ ಸಮಾಧಿಯ ಗೋಡೆಯ ಮೇಲೆ ಹೆಮ್ಮೆಯಿಂದ ಬರೆಯಿಸಿಕೊಂಡಿದ್ದಾನೆ. ಮೂರನೆಯ ಥುತ್ಮೋಸನ ಗುಹೆಯ ಬಾಗಿಲಂತೂ ಕಡಿದಾದ ಬಂಡೆಯ ಬಿರುಕಿನಲ್ಲಿ, ನೆಲದಿಂದ ಬಹಳ ಎತ್ತರದಲ್ಲಿರುವುದು. ಇಂದಿನ ಪ್ರೇಕ್ಷಕನು ಅಲ್ಲಿಗೆ ಉಕ್ಕಿನ ಮೆಟ್ಟಿಲುಗಳನ್ನು ಹತ್ತಿ ಹೋಗಬೇಕು.

ಹಾಗಾದರೆ ಆ ಅರಸರು ಲೋಕವು ತಮ್ಮನ್ನು ಮರೆಯಲೆಂದು ಬಯಸಿದರೇ? ಎಂದಿಗೂ ಇಲ್ಲ. ಸತ್ತವನ ಹೆಸರು ಬಾಳುವವರ ಬಾಯಲ್ಲಿ ಎಲ್ಲಿಯ ತನಕ ನುಡಿಯಲ್ಪಡುವುದೋ ಅಲ್ಲಿಯ ತನಕ ಅವನು ಜೀವಿಸಿರುವನೆಂಬುದು ಅವರ ದೃಢವಾದ ನಂಬಿಕೆ. ಹೆಸರನ್ನು ಕಲ್ಲಿನಿಂದ ಕೆತ್ತಿ ತೆಗೆಯುವುದೆಂದರೆ ಅವನನ್ನು ಎರಡನೆಯ ಸಲ ಕೊಂದಂತೆ. ಆದುದರಿಂದ ಪ್ರತಿಯೊಬ್ಬ ಅರಸನೂ ಎರಡು ಕಟ್ಟಡಗಳನ್ನು ಸಿದ್ಧಪಡಿಸುತ್ತಿದ್ದನು. ಬೆಟ್ಟದ ಹೊಟ್ಟೆಯಲ್ಲಿ ದೇಹಕ್ಕೆ ಒಂದು ಗುಪ್ತವಾದ ಗುಹೆ. ಹೊಲಗಳ ಅಂಚಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ, ಹೆಸರಿಗೆ ಒಂದು ದೇವಾಲಯ. ಹತ್ಷೆಪ್ಸುತ್ ರಾಣಿಯು ದೈರ್ ಎಲ್-ಬಹರಿಯಲ್ಲಿ ಕಟ್ಟಿಸಿದುದೂ, ಎರಡನೆಯ ರಾಮ್ಸೆಸನ ರಾಮೆಸಿಯಮ್ಮೂ, ಮೂರನೆಯ ರಾಮ್ಸೆಸನು ಮೆದೀನೆತ್ ಹಬುವಿನಲ್ಲಿ ಕಟ್ಟಿಸಿದುದೂ ಇಂಥ ದೇವಾಲಯಗಳೇ. ಪೂಜೆ, ನೈವೇದ್ಯ, ಉತ್ಸವ, ಕೀರ್ತಿ ಇವೆಲ್ಲವೂ ದೇವಾಲಯಕ್ಕೆ ಸೇರಿದುವು. ಗುಹೆಗೆ ಸೇರಿದುದು ಕತ್ತಲೆ ಮತ್ತು ಮೌನ. ಅಡಗಿಸಬೇಕಾದುದು ಯಾವುದು, ತೋರಬೇಕಾದುದು ಯಾವುದು ಎಂಬ ಈ ವಿವೇಕವನ್ನು ಮುಂದಿನ ಕಥೆಯನ್ನು ಕೇಳುವಾಗ ವಾಚಕರು ಮರೆಯಬಾರದು.

ಕತ್ತಲೆಯು ಬಹುಕಾಲ ನಿಲ್ಲಲಿಲ್ಲ. ಬೆಟ್ಟದ ಗುಟ್ಟು ಗೊತ್ತಿದ್ದ ಕೆಲಸಗಾರರೂ ಶಿಲ್ಪಿಗಳೂ ದೈರ್ ಎಲ್-ಮದೀನ ಎಂಬ ಹತ್ತಿರದ ಹಳ್ಳಿಯಲ್ಲಿ ತಲೆತಲಾಂತರದಿಂದ ವಾಸವಾಗಿದ್ದರು. ರಾಜ್ಯವು ದುರ್ಬಲವಾಗಿ ಅವರಿಗೆ ಸಲ್ಲಬೇಕಾದ ಧಾನ್ಯವು ಸರಿಯಾಗಿ ಸಲ್ಲದ ಕಾಲವು ಬಂದಿತು. ಮೂರನೆಯ ರಾಮ್ಸೆಸನ 29ನೆಯ ಆಳಿಕೆಯ ವರ್ಷದಲ್ಲಿಯೇ ಅವರು ಕೆಲಸವನ್ನು ನಿಲ್ಲಿಸಿ ದೇವಾಲಯಗಳ ಮುಂದೆ ಹೋಗಿ ಕುಳಿತ ಸಂಗತಿಯು ಅಂದಿನ ಒಂದು ಪಪೈರಸ್ ಪತ್ರದಲ್ಲಿ ದಾಖಲಾಗಿರುವುದು. ಒಂಬತ್ತನೆಯ ರಾಮ್ಸೆಸನ ಕಾಲದಲ್ಲಿ, ಕ್ರಿ. ಪೂ. 1100ರ ಸುಮಾರಿಗೆ, ರಾಜಸಮಾಧಿಗಳ ಕಳವಿನ ವಿಚಾರಣೆಗಳು ನಡೆದುವು. ಆ ವಿಚಾರಣೆಯ ಪತ್ರಗಳೂ ಉಳಿದು ಬಂದಿವೆ. ಹಿಡಿಯಲ್ಪಟ್ಟವರು ಅರಸರ ಶವಗಳ ಮೇಲಣ ಚಿನ್ನವನ್ನು ಕಿತ್ತುಕೊಂಡು ಪೆಟ್ಟಿಗೆಗಳಿಗೆ ಬೆಂಕಿಯಿಟ್ಟುದನ್ನು ಒಪ್ಪಿಕೊಂಡರು. ಕೊನೆಗೆ ಅರ್ಚಕರು ಸೂರೆಹೋದ ಗುಹೆಗಳಿಂದ ಅರಸರ ದೇಹಗಳನ್ನು ಹೊರತೆಗೆದು, ಹರಿದ ಬಟ್ಟೆಗಳನ್ನು ಮತ್ತೆ ಸುತ್ತಿ, ಹೆಸರು ಬರೆದು, ಗುಂಪುಗುಂಪಾಗಿ ಬೇರೆ ಕಡೆಗಳಲ್ಲಿ ಬಚ್ಚಿಟ್ಟರು. ದೈರ್ ಎಲ್-ಬಹರಿಯ ಬಳಿಯ ಅಂತಹ ಅಡಗುದಾಣವೊಂದು 1881ರಲ್ಲಿಯೂ, ಎರಡನೆಯ ಅಮೆನ್‌ಹೋಟೆಪನ ಗುಹೆಯೊಳಗಿನದು 1898ರಲ್ಲಿಯೂ ಸರಕಾರದ ಪ್ರಾಕ್ತನ ಶಾಖೆಯವರಿಗೆ ದೊರೆತುವು. ಮಹಾಪರಾಕ್ರಮಿಯಾದ ಎರಡನೆಯ ರಾಮ್ಸೆಸನ ದೇಹವು ದೊರೆತುದು ಹೀಗೆ. ತನ್ನ ಗುಹೆಯಲ್ಲಿ ಅಲ್ಲ.

ಕಳ್ಳರ ಕಾಲವು ಕಳೆದ ಬಳಿಕ ಪ್ರೇಕ್ಷಕರ ಕಾಲವು ಬಂದಿತು. ಗುಹೆಗಳನ್ನು ನೋಡಲು ಬರುವವರು ಇಂದಿನವರು ಮಾತ್ರವೆಂದು ತಿಳಿಯಬಾರದು. ಗ್ರೀಕರೂ ರೋಮನರೂ ಈಜಿಪ್ತನ್ನಾಳಿದ ಕಾಲದಲ್ಲಿ ಬಾಗಿಲು ತೆರೆದುಕೊಂಡಿದ್ದ ಸುಮಾರು ಹತ್ತು ಗುಹೆಗಳು ಪ್ರಸಿದ್ಧವಾದ ಪ್ರೇಕ್ಷಣೀಯ ಸ್ಥಳಗಳಾಗಿದ್ದುವು. ಉದ್ದನೆಯ ಕೊಳವೆಯಂತೆ ಇರುವುದರಿಂದ ಅವರು ಅವುಗಳನ್ನು ‘ಕೊಳಲು’ಗಳೆಂದು ಕರೆದರು. ಸ್ಟ್ರಾಬೋ ಎಂಬ ಭೂಗೋಳ ಲೇಖಕನು ಅಲ್ಲಿ ಸುಮಾರು 40 ರಾಜಸಮಾಧಿಗಳಿರುವುದಾಗಿ ಬರೆದು, ಅವು ನೋಡತಕ್ಕವುಗಳೆಂದು ಹೊಗಳಿದ್ದಾನೆ. ಬಂದವರು ಗೋಡೆಗಳ ಮೇಲೆ ತಮ್ಮ ಹೆಸರುಗಳನ್ನು ಗೀಚಿದರು. ಫ್ರಾನ್ಸಿನ ವಿದ್ವಾಂಸರಾದ ಬೈಯೆ ಎಂಬವರು 1920ರ ದಶಕದಲ್ಲಿ ಪ್ರಕಟಿಸಿದ ಇಂಥ ಬರಹಗಳು 2,000ಕ್ಕೂ ಮಿಕ್ಕಿರುವುವು. ಐದನೆಯ ಮತ್ತು ಆರನೆಯ ರಾಮ್ಸೆಸರ ಗುಹೆಯೊಂದರಲ್ಲಿಯೇ ಅವು ಸಾವಿರದ ಆಸುಪಾಸಿನಲ್ಲಿವೆ. ವೈದ್ಯರು, ಸೈನಿಕರು, ತತ್ತ್ವಜ್ಞಾನಿಗಳು, ಅಧಿಕಾರಿಗಳು ಹೀಗೆ ಎಲ್ಲ ಬಗೆಯ ಜನರೂ ಅವರಲ್ಲಿ ಉಂಟು. ಬಂದೆನು, ಕಂಡೆನು, ಬೆರಗಾದೆನು ಎಂಬುದೇ ಬಹುಮಟ್ಟಿಗೆ ಅವರೆಲ್ಲರ ಮಾತಿನ ಸಾರ. ಆದರೆ ಮೆಚ್ಚದವರೂ ಇರದೆ ಇರಲಿಲ್ಲ. ಒಬ್ಬನು ಕಲ್ಲಿನ ಶವಪೆಟ್ಟಿಗೆಯ ಹೊರತು ಬೇರೇನೂ ತನಗೆ ಹಿಡಿಸಲಿಲ್ಲವೆಂದು ಬರೆದುಹೋಗಿದ್ದಾನೆ!

ಈ ಪ್ರೇಕ್ಷಕರ ಗುಂಪಿನಲ್ಲಿ ಭಾರತದಿಂದ ಹೋದವರೂ ಇದ್ದರೆಂಬುದು ಇತ್ತೀಚಿನ ಸಂಶೋಧನೆಯಿಂದ ತಿಳಿದುಬಂದಿದೆ. ಭಾರತದ ಪಶ್ಚಿಮ ಕರಾವಳಿಯಿಂದ ಮೆಣಸನ್ನು ಹೇರಿಕೊಂಡು ಹೋದ ಹಡಗುಗಳು ಕೆಂಪು ಸಮುದ್ರದ ಬೆರೆನಿಕೆ ಮುಂತಾದ ರೇವುಗಳನ್ನು ಸೇರುತ್ತಿದ್ದುವು. ಅಲ್ಲಿಂದ ಸರಕು ಒಂಟೆಗಳ ಮೇಲೆ ಮರುಭೂಮಿಯನ್ನು ದಾಟಿ ನೈಲ್ ನದಿಯ ದಂಡೆಯ ಕೊಪ್ತೋಸ್ ಪಟ್ಟಣಕ್ಕೆ ಬರುತ್ತಿದ್ದಿತು. ಕೊಪ್ತೋಸಿನಿಂದ ಥೀಬ್ಸು ದೂರವೇನೂ ಅಲ್ಲ. ಕಣಿವೆಯ ಗುಹೆಗಳಲ್ಲಿ ತಮಿಳು-ಬ್ರಾಹ್ಮೀ ಲಿಪಿಯ ಬರಹಗಳೂ, ಪ್ರಾಕೃತ ಸಂಸ್ಕೃತಗಳ ಬರಹಗಳೂ ಗುರುತಿಸಲ್ಪಟ್ಟಿವೆ. ಕೊಱ್ಱನ್ ಎಂಬ ಹೆಸರಿನ ತಮಿಳನೊಬ್ಬನು ಒಂದಕ್ಕಿಂತ ಹೆಚ್ಚು ಗುಹೆಗಳಲ್ಲಿ ತನ್ನ ಹೆಸರನ್ನು ಬರೆದಿದ್ದಾನೆ. ಈಜಿಪ್ತಿನದೇ ಆದ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆಯೆಂದು ಹುಲ್ಟ್ಜ್ ಪಂಡಿತರು 1904ರಲ್ಲಿ ಹೂಡಿದ ವಾದವು ಕನ್ನಡಿಗರಿಗೆ ಚಿರಪರಿಚಿತವಾದುದು. ಅದು ಇಂದಿಗೂ ವಿವಾದಾಸ್ಪದವಾಗಿಯೇ ಇದೆ. ಆದರೆ ದಕ್ಷಿಣ ಭಾರತದ ಜನರು ನೈಲ್ ನದಿಯ ತೀರದಲ್ಲಿ ಓಡಾಡುತ್ತಿದ್ದರೆಂಬುದರಲ್ಲಿ ಈಗ ಸಂದೇಹವಿಲ್ಲ. ಮರೆಯಾಗಿ ಮಲಗಬಯಸಿದ ಅರಸನ ಗೋಡೆಯನ್ನು, ಮರೆಯಾಗಿ ಹೋಗಲು ಮನಸ್ಸಿಲ್ಲದ ಒಬ್ಬ ವ್ಯಾಪಾರಿಯು ತನ್ನ ಹೆಸರಿನ ಉಳಿವಿಗೆ ಬಳಸಿಕೊಂಡನು. ಇಬ್ಬರ ಆಶೆಯೂ ಒಂದೇ.

ಮುಂದೆ ಬಂದವರು ಹೆಸರು ಬರೆಯುವುದರಿಂದ ತೃಪ್ತರಾಗಲಿಲ್ಲ. ಇಟಲಿಯವನಾದ ಬೆಲ್ಜೋನಿಯು 1817ರ ಅಕ್ಟೋಬರಿನಲ್ಲಿ ಒಂದನೆಯ ಸೇತಿಯ ಗುಹೆಯನ್ನು ಕಂಡುಹಿಡಿದನು. ಕಣಿವೆಯಲ್ಲೆಲ್ಲ ಅತ್ಯಂತ ಸುಂದರವಾದುವುಗಳಲ್ಲಿ ಒಂದಾದ ಈ ಗುಹೆಯ ಬಣ್ಣಗಳು ಆಗ ನಿನ್ನೆ ಬಳಿದಂತೆ ಇದ್ದುವಂತೆ. ಅವನು ಗೋಡೆಯ ಶಿಲ್ಪಗಳ ಅಚ್ಚುಗಳನ್ನು ತೆಗೆದುಕೊಂಡು, 1821ರಲ್ಲಿ ಲಂಡನ್ ನಗರದಲ್ಲಿ ಗುಹೆಯ ಪ್ರತಿಕೃತಿಯನ್ನು ನಿಲ್ಲಿಸಿ ಜನರಿಗೆ ತೋರಿಸಿದನು. ಬೆಲ್ಜೋನಿಯೂ ಅವನ ಬಳಿಕ ಬಂದವರೂ ಅಚ್ಚು ತೆಗೆಯುವಾಗ ಬಣ್ಣವೂ ಗೋಡೆಯಿಂದ ಎದ್ದುಬಂದಿತು. ಸೇತಿಯ ಶ್ವೇತಶಿಲೆಯ ಶವಪೆಟ್ಟಿಗೆಯನ್ನು 1824ರಲ್ಲಿ ಸರ್ ಜಾನ್ ಸೋನ್ ಎಂಬ ವಾಸ್ತುಶಿಲ್ಪಿಯು 2,000 ಪೌಂಡು ಕೊಟ್ಟು ಕೊಂಡುಕೊಂಡನು. ಅದು ಇಂದಿಗೂ ಲಂಡನ್ನಿನ ಅವನ ಮನೆಯಲ್ಲಿರುವುದು. ಚಿತ್ರಲಿಪಿಯ ರಹಸ್ಯವನ್ನು ಬಿಡಿಸಿ ಈ ಅರಸರ ಹೆಸರುಗಳಿಗೆ ಮರಳಿ ಉಸಿರು ಕೊಟ್ಟ ಶಾಂಪೋಲಿಯನ್ ಪಂಡಿತನು ಕೂಡ 1829ರಲ್ಲಿ ಅದೇ ಗುಹೆಯ ಬಾಗಿಲ ಪಕ್ಕದ ಶಿಲ್ಪವನ್ನು ಗೋಡೆಯಿಂದ ಕೊಯ್ಯಿಸಿ ಪ್ಯಾರಿಸಿಗೆ ಒಯ್ದನು. ಅದರ ಜೊತೆಯದು ಇಟಲಿಯ ಫ್ಲಾರೆನ್ಸಿಗೆ ಹೋಯಿತು. ಪ್ರೀತಿಯಿಂದ ಬಂದವರ ಕೈಯಿಂದಲೂ ಹಾನಿಯಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಕಣಿವೆಯ ಅರಸರಲ್ಲಿ ಹೆಚ್ಚಿನ ಹೆಸರು ಪಡೆದವನು ತೂತನ್‌ಖಾಮೆನ್. ಅವನು ಬಾಲ್ಯದಲ್ಲಿ ಪಟ್ಟವೇರಿ, ಸುಮಾರು ಒಂಬತ್ತು ವರ್ಷ ಆಳಿ, ಹತ್ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಕ್ರಿ. ಪೂ. 1323ರ ಸುಮಾರಿಗೆ ತೀರಿಕೊಂಡನು. ಅವನ ಬಳಿಕ ಬಂದವರು ಅವನ ಹೆಸರನ್ನು ಅಳಿಸಲು ಯತ್ನಿಸಿದರು. ಅಬಿಡೋಸಿನ ದೇವಾಲಯದಲ್ಲಿ ಒಂದನೆಯ ಸೇತಿಯು ಕೆತ್ತಿಸಿದ ಅರಸರ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ಅವನ ಗುಹೆಗೆ ಪೂರ್ವಕಾಲದಲ್ಲಿಯೇ ಎರಡು ಸಲ ಕಳ್ಳರು ನುಗ್ಗಿದ್ದರು. ಅಧಿಕಾರಿಗಳು ಬಾಗಿಲನ್ನು ಮತ್ತೆ ಮುಚ್ಚಿ ಮುದ್ರೆಯಿಟ್ಟರು. ಮುಂದೆ ಆರನೆಯ ರಾಮ್ಸೆಸನ ಗುಹೆಯ ಕೆಲಸಗಾರರು ಅದರ ಮೇಲೆಯೇ ತಮ್ಮ ಗುಡಿಸಿಲುಗಳನ್ನು ಹಾಕಿಕೊಂಡರು. ಹೀಗೆ ಮರೆಯಲ್ಪಟ್ಟುದೇ ಅವನಿಗೆ ರಕ್ಷೆಯಾಯಿತು. ಹೊವರ್ಡ್ ಕಾರ್ಟರನ ಕೆಲಸದವರಿಗೆ 1922ನೆಯ ಇಸವಿಯ ನವಂಬರ್ 4ರಂದು ಮೊದಲನೆಯ ಮೆಟ್ಟಿಲು ಸಿಕ್ಕಿತು. ಅದೇ ತಿಂಗಳ 26ರಂದು ಕಾರ್ಟರನು ಗೋಡೆಯಲ್ಲಿ ಕೊರೆದ ಕಿಂಡಿಯಿಂದ ಮೇಣದ ಬತ್ತಿಯ ಬೆಳಕಿನಲ್ಲಿ ಒಳಗಣ ಬಂಗಾರದ ಹೊಳಪನ್ನು ಕಂಡನು. ಅಲ್ಲಿದ್ದ 5,000ಕ್ಕೂ ಮಿಕ್ಕ ವಸ್ತುಗಳನ್ನು ಹೊರತೆಗೆದು ಸಂರಕ್ಷಿಸಲು ಹತ್ತು ವರ್ಷಗಳು ಹಿಡಿದುವು. ಅಪ್ಪಟ ಚಿನ್ನದ ಒಳಪೆಟ್ಟಿಗೆಯ ತೂಕವೇ ಸುಮಾರು 110 ಕಿಲೋಗ್ರಾಂ. ಪಟ್ಟಿಯಿಂದ ಹೊರಗಾದ ಬಾಲಕನ ಹೆಸರು ಈಗ ಲೋಕದ ಶಾಲೆಯ ಮಕ್ಕಳಿಗೂ ಬಾಯಿಪಾಠ. ಹೆಸರು ನುಡಿಯಲ್ಪಡುವವರೆಗೆ ಬದುಕು ಎಂಬ ಅವನ ಪೂರ್ವಿಕರ ನಂಬಿಕೆಯು ನಿಜವಾದರೆ, ಅವನಷ್ಟು ಜೀವಂತನಾದ ಅರಸನು ಬೇರೊಬ್ಬನಿಲ್ಲ.

ಆದರೆ ಹೆಸರು ಬದುಕಿದಷ್ಟೂ ಗುಹೆಯು ಸೊರಗಿತು. ತೂತನ್‌ಖಾಮೆನನ ಗುಹೆಯು ಅರಸರ ಗುಹೆಗಳಲ್ಲಿ ತೀರ ಚಿಕ್ಕದು: ನಾಲ್ಕೇ ಕೋಣೆಗಳು, ಚಿತ್ರಗಳಿರುವುದು ಒಂದರಲ್ಲಿ ಮಾತ್ರ. 1926ರ ಮೊದಲ ಎರಡೂವರೆ ತಿಂಗಳುಗಳಲ್ಲಿಯೇ 12,000ಕ್ಕೂ ಹೆಚ್ಚು ಜನರು ಅದರೊಳಗೆ ಇಳಿದರೆಂದು ಹೇಳಲಾಗಿದೆ. ಒಬ್ಬೊಬ್ಬ ಪ್ರೇಕ್ಷಕನೂ ತನ್ನ ಉಸಿರಿನಿಂದಲೂ ಬೆವರಿನಿಂದಲೂ ಗುಹೆಯ ಗಾಳಿಗೆ ತೇವವನ್ನು ಸೇರಿಸುತ್ತಾನೆ. ಪಾದರಕ್ಷೆಗಳಲ್ಲಿ ಮರುಭೂಮಿಯ ಧೂಳನ್ನು ತರುತ್ತಾನೆ. ಸುಣ್ಣಕಲ್ಲಿನೊಳಗೆ ಉಪ್ಪು ಇರುವುದು. ತೇವವು ಏರಿ ಇಳಿದಂತೆ ಆ ಉಪ್ಪು ಕರಗುತ್ತದೆ, ಮತ್ತೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಮೇಲಣ ಗಾರೆಯನ್ನೂ ಬಣ್ಣವನ್ನೂ ನೂಕಿ ಎಬ್ಬಿಸುತ್ತದೆ. ಧೂಳನ್ನು ಒರಸಿದರೆ ಬಣ್ಣಕ್ಕೆ ಪೆಟ್ಟು, ಒರಸದಿದ್ದರೆ ಚಿತ್ರಕ್ಕೆ ಮಬ್ಬು. ಅಮೆರಿಕದ ಗೆಟ್ಟಿ ಸಂರಕ್ಷಣ ಸಂಸ್ಥೆಯವರೂ ಈಜಿಪ್ತಿನ ಸರಕಾರದವರೂ 2009ರಿಂದ ಹತ್ತು ವರ್ಷಗಳ ಕಾಲ ಈ ಗುಹೆಯನ್ನು ಪರೀಕ್ಷಿಸಿ ದುರಸ್ತಿ ಮಾಡಿದರು. ಗೋಡೆಗಳ ಮೇಲಣ ಕಂದುಬಣ್ಣದ ಚುಕ್ಕೆಗಳು ಪ್ರೇಕ್ಷಕರಿಂದ ಬಂದುವೆಂಬ ಭಯವಿತ್ತು. 1920ರ ದಶಕದ ಛಾಯಾಚಿತ್ರಗಳೊಂದಿಗೆ ಹೋಲಿಸಿ ನೋಡಲಾಗಿ, ಅವು ಪೂರ್ವದಿಂದಲೇ ಇದ್ದ ಸೂಕ್ಷ್ಮಜೀವಿಗಳ ಕಲೆಗಳೆಂದೂ, ಈಗ ಸತ್ತುಹೋಗಿ ಬೆಳೆಯುತ್ತಿಲ್ಲವೆಂದೂ ಸಿದ್ಧವಾಯಿತು. ಆದರೆ ತೇವ ಧೂಳುಗಳ ಭಯವು ನಿಜವಾಗಿದ್ದಿತು. ಅದಕ್ಕಾಗಿ ಗಾಳಿಯಾಡುವ ಹೊಸ ಏರ್ಪಾಡನ್ನೂ, ಜನರನ್ನು ಗೋಡೆಯಿಂದ ದೂರವಿರಿಸುವ ಕಟಕಟೆಯನ್ನೂ ಮಾಡಿದರು.

ಹತ್ತಿರದಲ್ಲಿಯೇ ಇರುವ ‘ರಾಣಿಯರ ಕಣಿವೆ’ಯ ಅನುಭವವೂ ಇದೇ. ಎರಡನೆಯ ರಾಮ್ಸೆಸನ ಪಟ್ಟದರಸಿಯಾದ ನೆಫರ್ತಾರಿಯ ಗುಹೆಯನ್ನು 1904ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಎಂಬ ವಿದ್ವಾಂಸನು ಕಂಡುಹಿಡಿದನು. ಗಾರೆಯು ಕಳಚಿ ಬೀಳುತ್ತಿದ್ದುದರಿಂದ ಅದನ್ನು ಬಹುಕಾಲ ಮುಚ್ಚಿಡಬೇಕಾಯಿತು. 1986ರಿಂದ 1992ರ ತನಕ ನಿಪುಣರು ಅದನ್ನು ಅಂಗುಲ ಅಂಗುಲವಾಗಿ ಸರಿಪಡಿಸಿದರು. ಹೊಸ ಬಣ್ಣವನ್ನು ಬಳಿಯದೆ, ಇದ್ದುದನ್ನು ನಿಲ್ಲಿಸುವುದೇ ಅವರ ನಿಯಮವಾಗಿದ್ದಿತು. 1995ರಲ್ಲಿ ಬಾಗಿಲು ತೆರೆದಾಗ ದಿನಕ್ಕೆ 150 ಜನರಿಗೆ ಮಾತ್ರ ಪ್ರವೇಶವೆಂದು ಗೊತ್ತುಮಾಡಿದರು. ಆ ಮೇಲೆಯೂ ಅದನ್ನು ಮತ್ತೆ ಮುಚ್ಚುವ ಸಂದರ್ಭಗಳು ಬಂದುವು.

ಗೋಡೆಯ ಮಾತು ಹಾಗಿರಲಿ, ದೇಹದ ಮಾತೇನು? ಸತ್ತ ಮನುಷ್ಯನನ್ನು, ಅವನು ಅರಸನೇ ಆಗಿರಲಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದು ಯುಕ್ತವೇ ಎಂಬ ಪ್ರಶ್ನೆಯು ಈಜಿಪ್ತಿನವರ ಮನಸ್ಸನ್ನೇ ಕಾಡಿದೆ. ಅಧ್ಯಕ್ಷರಾಗಿದ್ದ ಅನ್ವರ್ ಸಾದಾತರು 1980ರಲ್ಲಿ ಕೈರೋ ವಸ್ತುಸಂಗ್ರಹಾಲಯದ ರಾಜಶವಗಳ ಕೋಣೆಯನ್ನು ಮುಚ್ಚಿಸಿದರು. ಅದು ಮರಳಿ ತೆರೆದುದು 1994ರಲ್ಲಿ. 2021ರ ಏಪ್ರಿಲ್ 3ರಂದು 18 ಅರಸರನ್ನೂ 4 ರಾಣಿಯರನ್ನೂ ರಾಜಮರ್ಯಾದೆಯ ಮೆರವಣಿಗೆಯಲ್ಲಿ ಕೈರೋವಿನ ಹೊಸ ಸಂಗ್ರಹಾಲಯವೊಂದಕ್ಕೆ ಒಯ್ದು, ಮಂದಬೆಳಕಿನ ಕೋಣೆಗಳಲ್ಲಿ ಇರಿಸಿದರು. ತೂತನ್‌ಖಾಮೆನನ ದೇಹವನ್ನು ಮಾತ್ರ ಅವನ ಗುಹೆಯಲ್ಲಿಯೇ ಉಳಿಸಿ, 2007ರ ನವಂಬರಿನಲ್ಲಿ ಹದವಾದ ಗಾಳಿಯುಳ್ಳ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಬಿಳಿಯ ವಸ್ತ್ರದಿಂದ ಹೊರಗೆ ಕಾಣುವುದು ಕಪ್ಪಾದ ಮುಖ ಮತ್ತು ಪಾದಗಳು ಮಾತ್ರ. ಚಿನ್ನದ ಮುಖವಾಡವನ್ನು ಮೊದಲು ಕಂಡು ಬಂದವನು ಈ ಪುಟ್ಟ ಮುಖದ ಮುಂದೆ ನಿಂತಾಗ, ತಾನು ನೋಡುತ್ತಿರುವುದು ಒಂದು ವಸ್ತುವನ್ನಲ್ಲ, ಅಕಾಲದಲ್ಲಿ ತೀರಿಹೋದ ಒಬ್ಬ ಹುಡುಗನನ್ನೆಂದು ತಟ್ಟನೆ ತಿಳಿಯುವನು.

ಇಷ್ಟನ್ನು ಕೇಳಿದವರು, ಗುಹೆಗಳ ಬಾಗಿಲುಗಳನ್ನು ಮುಚ್ಚಿಬಿಡುವುದೇ ಲೇಸೆಂದು ಹೇಳಬಹುದು. ಆದರೆ ಅದು ಸುಲಭವಾದ ಮಾತಲ್ಲ. ಪಶ್ಚಿಮದಂಡೆಯ ಸಾವಿರಾರು ಕುಟುಂಬಗಳ ಅನ್ನವು ಈ ಅರಸರಿಂದಲೇ ಬರುವುದು. ದೋಣಿಯವನು, ಗಾಡಿಯವನು, ಅಗೆಯುವ ಕೂಲಿಯವನು, ಕಾವಲಿನವನು, ಶಿಲೆಯ ಬೊಂಬೆಗಳನ್ನು ಕೆತ್ತಿ ಮಾರುವವನು ಎಲ್ಲರೂ ಪ್ರೇಕ್ಷಕನ ದಾರಿಯನ್ನು ಕಾಯುವವರು. 1997ರ ನವಂಬರ್ 17ರಂದು ದೈರ್ ಎಲ್-ಬಹರಿಯ ದೇವಾಲಯದಲ್ಲಿ ಬಂದೂಕುಗಾರರು 62 ಜನರನ್ನು ಕೊಂದಾಗಲೂ, 2011ರ ಕ್ರಾಂತಿಯ ಬಳಿಕವೂ, 2020ರ ಮಹಾಮಾರಿಯಲ್ಲಿಯೂ ಯಾತ್ರಿಕರು ಬರುವುದು ನಿಂತು ಆ ದಂಡೆಯ ಜನರು ಬಹಳ ಕಷ್ಟಪಟ್ಟರು. ಗುಹೆಗಳನ್ನು ಕಾಪಾಡುವ ವೆಚ್ಚವೂ ನೋಡುವವರ ಹಣದಿಂದಲೇ ಬರತಕ್ಕುದು. ಅಷ್ಟೇ ಅಲ್ಲ, ಯಾರೂ ನೋಡದ ವಸ್ತುವನ್ನು ಯಾರೂ ಪ್ರೀತಿಸುವುದಿಲ್ಲ, ಪ್ರೀತಿಸದುದನ್ನು ಯಾರೂ ಕಾಯುವುದಿಲ್ಲ. ಕಣಿವೆಯು ಕತ್ತಲೆಯಲ್ಲಿದ್ದ ಶತಮಾನಗಳಲ್ಲಿ ಅದನ್ನು ಸೂರೆಮಾಡಿದವರು ಪ್ರೇಕ್ಷಕರಲ್ಲ ಎಂಬುದನ್ನೂ ನೆನೆಯಬೇಕು.

ಈ ಇಕ್ಕಟ್ಟಿಗೆ 2014ರಲ್ಲಿ ಒಂದು ಪರಿಹಾರವು ಕಾಣಿಸಿತು. ಮ್ಯಾಡ್ರಿಡ್ ನಗರದ ಕುಶಲಿಗಳು ತೂತನ್‌ಖಾಮೆನನ ಶವಗೃಹದ ಪ್ರತಿಯೊಂದು ಬಿರುಕನ್ನೂ ಕಲೆಯನ್ನೂ ಯಂತ್ರಗಳಿಂದ ಅಳೆದು, ಅದರ ತದ್ರೂಪವೊಂದನ್ನು ನಿರ್ಮಿಸಿದರು. ಆ ವರ್ಷದ ಏಪ್ರಿಲ್ 30ರಂದು ಅದನ್ನು ಕಣಿವೆಗೆ ಹೋಗುವ ದಾರಿಯಲ್ಲಿ, ಕಾರ್ಟರನು ವಾಸವಾಗಿದ್ದ ಮನೆಯ ಬಳಿಯಲ್ಲಿ ತೆರೆಯಲಾಯಿತು. ಇಲ್ಲಿ ಪ್ರೇಕ್ಷಕನು ಎಷ್ಟು ಹೊತ್ತಾದರೂ ನಿಂತು, ಗೋಡೆಯ ಸಮೀಪಕ್ಕೆ ಹೋಗಿ ನೋಡಬಹುದು. ಅವನ ಉಸಿರಿನಿಂದ ಯಾವ ಹಾನಿಯೂ ಇಲ್ಲ. ಗೀಜಾದಲ್ಲಿ 2025ರ ನವಂಬರ್ 1ರಂದು ವಿಧ್ಯುಕ್ತವಾಗಿ ಆರಂಭವಾದ ಮಹಾಸಂಗ್ರಹಾಲಯದಲ್ಲಿ ಆ ಬಾಲರಾಜನ ಸಂಪತ್ತೆಲ್ಲವೂ ಒಂದೆಡೆಯಲ್ಲಿ ನೋಡಸಿಗುವುದು.

ಪ್ರತಿಕೃತಿಯೆಂದರೆ ಮೋಸ, ನಿಜವಾದುದನ್ನು ನೋಡಿದರೇ ನೋಡಿದಂತೆ ಎನ್ನುವವರು ಬಹಳ. ಆದರೆ ಆ ಅರಸರೇ ಮಾಡಿಕೊಂಡಿದ್ದ ಏರ್ಪಾಡನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಲೋಕವು ತಮ್ಮನ್ನು ನೆನೆಯಲೆಂದು ಅವರು ಬಯಲಿನಲ್ಲಿ ದೇವಾಲಯವನ್ನು ಕಟ್ಟಿಸಿದರು. ದೇಹವು ನೆಮ್ಮದಿಯಾಗಿರಲೆಂದು ಬೆಟ್ಟದಲ್ಲಿ ಗುಹೆಯನ್ನು ಕೊರೆಯಿಸಿದರು. ತದ್ರೂಪಗೃಹವೂ ಸಂಗ್ರಹಾಲಯವೂ ಈ ಕಾಲದ ಬಯಲ ದೇವಾಲಯಗಳು. ಅಲ್ಲಿ ಕುತೂಹಲಕ್ಕೆ ತೃಪ್ತಿಯುಂಟು, ಜ್ಞಾನಕ್ಕೆ ಅವಕಾಶವುಂಟು, ಹೆಸರಿಗೆ ಸ್ಮರಣೆಯುಂಟು. ಹೀಗೆ ನೋಡಿದರೆ ಪ್ರತಿಕೃತಿಯನ್ನು ಕಂಡು ಹಿಂದಿರುಗುವವನು ಅರಸನಿಗೆ ಅಪಚಾರವೆಸಗಿದವನಲ್ಲ, ಅವನ ಇಚ್ಛೆಯನ್ನೇ ನಡೆಯಿಸಿಕೊಟ್ಟವನು.

ಅದರ ಮೇಲೆಯೂ ಗುಹೆಯೊಳಗೆ ಇಳಿಯುವವರು ಇದ್ದೇ ಇರುವರು. ಮನುಷ್ಯನ ಸ್ವಭಾವವೇ ಹಾಗೆ. ಎರಡು ಸಾವಿರ ವರ್ಷಗಳ ಹಿಂದಣ ಗ್ರೀಕನೂ ತಮಿಳನೂ ಇಳಿದ ಮೆಟ್ಟಿಲುಗಳನ್ನು ತಾವೂ ಇಳಿಯಬೇಕೆಂಬ ಆಶೆಯು ನಿಂದ್ಯವಾದುದಲ್ಲ. ಹಾಗೆ ಇಳಿದವನು ಗೋಡೆಯನ್ನು ಮುಟ್ಟದೆ, ಗದ್ದಲ ಮಾಡದೆ, ಬಹಳ ಹೊತ್ತು ನಿಲ್ಲದೆ, ಅಲ್ಲಿ ಮಲಗಿದ್ದವನ ಹೆಸರನ್ನು ಒಮ್ಮೆ ಮೆಲ್ಲನೆ ಉಚ್ಚರಿಸಿ ಹೊರಗೆ ಬಂದರೆ ಸಾಕು. ಅರಸನು ಬದುಕಿದ್ದವರಿಂದ ಬೇಡಿದ್ದುದು ಅಷ್ಟೇ.